ಶಿಸ್ತಿನ ಮಾಸ್ತರು ಸೈಯದ್ ಅಬ್ದುಲ್ ರಹೀಂ



ಈ ವರ್ಷ ಕಾಲೇಜು ಶುರುವಾದ ಮೇಲೆ ನಮ್ಮ ಪಿ.ಇ. ಸರ್ ನನ್ನನ್ನೂ ಇನ್ನಿಬ್ಬರು ಗೆಳೆಯರನ್ನೂ ಕರೆದು, ವಾಲಿಬಾಲ್ ತಂಡಕ್ಕೆ ನಿಯಮಗಳನ್ನು ಬರೆದು ತರಲು ಹೇಳಿದರು. ನಾನು ವಾಣಿಜ್ಯ ವಿಭಾಗದವನು. ಲೆಕ್ಕದ ಪುಸ್ತಕದಲ್ಲಿ ಗೆರೆ ಹೊಡೆದು ಬರೆಯುವ ಅಭ್ಯಾಸ ಇರುವುದರಿಂದ ಒಂದು ಹಾಳೆಯ ತುಂಬ ಹನ್ನೊಂದು ನಿಯಮ ಬರೆದೆ. ತಡವಾಗಿ ಬಂದವರು ತಂಡದಿಂದ ಹೊರಗೆ. ಎರಡು ದಿನ ತಪ್ಪಿಸಿದವರು ಹೊರಗೆ. ಎದುರು ಮಾತನಾಡಿದವರು ಹೊರಗೆ. ಹೀಗೆ ಎಲ್ಲ ನಿಯಮಗಳೂ ಹೊರಗೆ ಎಂಬ ಮಾತಿನಲ್ಲೇ ಮುಗಿದಿದ್ದವು. ಸರ್ ಓದಿದರು, ನಕ್ಕರು, ಹಾಳೆಯನ್ನು ವಾಪಸ್ ಕೊಟ್ಟರು. ಮತ್ತೆ ಬರೆಯುವ ಮೊದಲು ಸೈಯದ್ ಅಬ್ದುಲ್ ರಹೀಂ ಎಂಬವರ ಜೀವನವನ್ನು ಓದಿಕೊಂಡು ಬಾ ಎಂದು ಕಳಿಸಿದರು.

ರಹೀಂ ಸಾಹೇಬರ ಹೆಸರನ್ನು ನಮ್ಮಲ್ಲಿ ಬಹಳ ಮಂದಿ 2024ರಲ್ಲಿ ಬಂದ ಮೈದಾನ್ ಎಂಬ ಹಿಂದಿ ಸಿನಿಮಾದಿಂದ ಕೇಳಿರಬಹುದು. ನಾನೂ ಹಾಗೆಯೇ ಕೇಳಿದ್ದೆ. ಆದರೆ ಓದುತ್ತಾ ಹೋದಂತೆ ನನಗೆ ಹಿಡಿಸಿದ್ದು ಬೇರೆ ವಿಷಯ. ದೇಶಕ್ಕೆ ಎರಡು ಸಲ ಚಿನ್ನ ತಂದುಕೊಟ್ಟ ಈ ತರಬೇತುದಾರರು ಮೂಲತಃ ಒಬ್ಬ ಶಾಲಾ ಮಾಸ್ತರರು. ನಮ್ಮಂಥ ಹುಡುಗರನ್ನು ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ಆಟ ಕಲಿಸಿದವರು.

ಅವರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಅದು ನಿಜಾಮರ ಸಂಸ್ಥಾನ. ನಮ್ಮ ಇಂದಿನ ಬೀದರ್, ಕಲಬುರಗಿ, ರಾಯಚೂರು ಕೂಡ ಅದೇ ಸಂಸ್ಥಾನದಲ್ಲಿದ್ದವು. ರಹೀಂ ಓದಿದ್ದು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. ಆ ಕಾಲಕ್ಕೆ ಅಲ್ಲಿ ಪಾಠವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಉರ್ದು, ಹೊರಗೆ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಮೂರು ದಡ ದಾಟುವ ನನಗೆ ಇದನ್ನು ಓದಿ ಸ್ವಲ್ಪ ಹೊಟ್ಟೆಕಿಚ್ಚಾಯಿತು! ವಿಶ್ವವಿದ್ಯಾಲಯದ ತಂಡದಲ್ಲಿ ಅವರು ಫುಟ್‌ಬಾಲ್ ಆಡಿದರು, ಬಿ.ಎ. ಮುಗಿಸಿದರು, ಮಾಸ್ತರಿಕೆಗೆ ಸೇರಿದರು.

ಕಾಚಿಗುಡ ಮಿಡ್ಲ್ ಸ್ಕೂಲು, ಆಮೇಲೆ ಉರ್ದು ಶರೀಫ್ ಶಾಲೆ, ದಾರುಲ್ ಉಲೂಮ್ ಹೈಸ್ಕೂಲು, ಚಾದರ್‌ಘಾಟ್ ಹೈಸ್ಕೂಲು. ಇವು ಅವರು ಕೆಲಸ ಮಾಡಿದ ಶಾಲೆಗಳು. ನಡುವೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿಕೊಂಡು ಬಂದು, ಕೊನೆಯ ಎರಡು ಹೈಸ್ಕೂಲುಗಳಲ್ಲಿ ಆಟೋಟದ ಜವಾಬ್ದಾರಿಯನ್ನೇ ವಹಿಸಿಕೊಂಡರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಸಾಯುವವರೆಗೂ ಆ ಹೊಣೆ ಅವರ ಮೇಲೇ ಇತ್ತು.

ಆಗಿನ ಕಾಲದ ಆಟವನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಬಹಳ ಆಟಗಾರರು ಬರಿಗಾಲಿನಲ್ಲಿ ಆಡುತ್ತಿದ್ದರು. ಚೆಂಡು ಸಿಕ್ಕಿದವನು ಅದನ್ನು ಕಾಲಲ್ಲೇ ಇಟ್ಟುಕೊಂಡು, ಒಬ್ಬೊಬ್ಬರನ್ನೇ ದಾಟಿಸಿ, ಜನರಿಂದ ಚಪ್ಪಾಳೆ ಗಿಟ್ಟಿಸುವುದೇ ದೊಡ್ಡ ಆಟ ಎನಿಸಿತ್ತು. ಇದು ತಂಡದ ಆಟವಲ್ಲ ಎಂಬುದು ರಹೀಂ ಮಾಸ್ತರರಿಗೆ ಗೊತ್ತಿತ್ತು. ಅವರು ಬೈಯುವ ಬದಲು ಹೊಸ ನಿಯಮದ ಪಂದ್ಯಾವಳಿಗಳನ್ನೇ ಏರ್ಪಡಿಸಿದರು. ಒಂದರಲ್ಲಿ ಚೆಂಡನ್ನು ಕಾಲಲ್ಲಿ ಆಡಿಸುತ್ತಾ ಓಡುವಂತೆಯೇ ಇಲ್ಲ, ಸಿಕ್ಕ ತಕ್ಷಣ ಜೊತೆಯವನಿಗೆ ಕೊಡಬೇಕು. ಇನ್ನೊಂದರಲ್ಲಿ ಬಲವಿಲ್ಲದ ಕಾಲಿನಿಂದ ಮಾತ್ರ ಒದೆಯಬೇಕು. ಬಲಗಾಲಿನವನು ಎಡಗಾಲಿನಿಂದ, ಎಡಗಾಲಿನವನು ಬಲಗಾಲಿನಿಂದ.

ಇದನ್ನು ಓದಿದಾಗ ನಾನು ಬರೆದ ಹನ್ನೊಂದು ನಿಯಮಗಳು ನೆನಪಾದವು. ನನ್ನವು ಯಾರನ್ನು ಹೊರಗೆ ಹಾಕಬೇಕು ಎಂದು ಹೇಳುವ ನಿಯಮಗಳು. ಅವರವು ಯಾರಿಗೆ ಏನು ಬರುವುದಿಲ್ಲವೋ ಅದನ್ನು ಕಲಿಸುವ ನಿಯಮಗಳು.

1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿ ಅವರ ಕೈಗೆ ಬಂತು. ಆ ವರ್ಷದಿಂದ 1954ರವರೆಗೆ ಬೊಂಬಾಯಿಯ ರೋವರ್ಸ್ ಕಪ್ಪನ್ನು ಈ ತಂಡ ಸತತ ಐದು ಸಲ ಗೆದ್ದಿತು. ಕಲ್ಕತ್ತದ ದೊಡ್ಡ ದೊಡ್ಡ ಕ್ಲಬ್ಬುಗಳಿದ್ದ ಕಾಲದಲ್ಲಿ ಒಂದು ಊರಿನ ಪೊಲೀಸರ ತಂಡ ಹೀಗೆ ಗೆಲ್ಲುವುದು ಸಣ್ಣ ಮಾತಲ್ಲ. ಮುಂದೆ ಹೈದರಾಬಾದ್ ರಾಜ್ಯ ತಂಡ ಸಂತೋಷ್ ಟ್ರೋಫಿಯನ್ನೂ ಎರಡು ವರ್ಷ ಸತತವಾಗಿ ಗೆದ್ದಿತು.

1951ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಗೇಮ್ಸ್ ನಡೆಯಿತು. ಭಾರತ ತಂಡದ ತರಬೇತುದಾರರು ರಹೀಂ. ನಾಯಕ ಶೈಲೇನ್ ಮನ್ನಾ. ಬೆಂಗಳೂರಿನ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು. ಫೈನಲ್‌ನಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಭಾರತ ಇರಾನ್ ತಂಡವನ್ನು ಸೋಲಿಸಿ ಚಿನ್ನ ಗೆದ್ದಿತು.

ಮರುವರ್ಷ ಅದೇ ಮಾಸ್ತರರಿಗೆ ದೊಡ್ಡ ಪೆಟ್ಟು ಬಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್. ಫಿನ್ಲೆಂಡ್‌ನ ಚಳಿ, ಒದ್ದೆ ನೆಲ, ಎದುರಿಗೆ ಯುಗೊಸ್ಲಾವಿಯಾ. ನಮ್ಮವರಲ್ಲಿ ಕೆಲವರು ಬರಿಗಾಲಲ್ಲೇ ಇಳಿದರು. ಭಾರತ 10-1ರಿಂದ ಸೋತಿತು. ಆ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್. ಆ ಸೋಲಿನ ನಂತರ ಬೂಟು ಕಡ್ಡಾಯ ಎಂದು ಭಾರತದ ಫುಟ್‌ಬಾಲ್ ಫೆಡರೇಷನ್ ನಿಯಮ ಮಾಡಿತು. ಬರಿಗಾಲಿನ ಆಟ ನಮ್ಮ ಹೆಮ್ಮೆ ಎಂದು ಹೇಳಿಕೊಳ್ಳುವವರು ಆಗ ಬಹಳ ಮಂದಿ ಇದ್ದರು. ಆದರೆ ಹೆಮ್ಮೆಯಿಂದ ಕಾಲು ಬೆಚ್ಚಗಾಗುವುದಿಲ್ಲ. ಹಳೆಯ ರೂಢಿ ಆಟಗಾರನಿಗೆ ಕೆಡುಕು ಮಾಡುತ್ತಿದ್ದರೆ ನಿಯಮವನ್ನು ಬದಲಿಸಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ನಾಲ್ಕು ವರ್ಷ ಕಳೆದ ಮೇಲೆ 1956ರ ಮೆಲ್ಬೋರ್ನ್ ಒಲಿಂಪಿಕ್ಸ್. ಈ ಸಲ ಭಾರತ ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಹ್ಯಾಟ್ರಿಕ್ ಬಾರಿಸಿದ ಮೊದಲ ಏಷ್ಯನ್ ಆಟಗಾರ ಅವರು. ಭಾರತ ಕೊನೆಗೆ ನಾಲ್ಕನೆಯ ಸ್ಥಾನ ಪಡೆಯಿತು. ಹತ್ತು ಗೋಲು ತಿಂದ ದೇಶ ನಾಲ್ಕೇ ವರ್ಷಗಳಲ್ಲಿ ಸೆಮಿಫೈನಲ್ ಆಡಿತ್ತು.

ಆ ತಂಡದಲ್ಲಿ ತುಳಸಿದಾಸ್ ಬಲರಾಮ್ ಎಂಬ ಚಿಕ್ಕ ವಯಸ್ಸಿನ ಹುಡುಗನಿದ್ದ. ಸಿಕಂದರಾಬಾದ್ ಹತ್ತಿರದ ಅಮ್ಮುಗುಡ ಎಂಬ ಹಳ್ಳಿಯ ಬಡ ಮನೆಯವನು. ಅವನ ಆಟವನ್ನು ನೋಡಿ ರಹೀಂ ಸಾಹೇಬರು ಹೈದರಾಬಾದಿಗೆ ತರಬೇತಿಗೆ ಬಾ ಎಂದು ಕರೆದರು. ಅಷ್ಟು ದೂರ ದಿನಾ ಬರಲು ಹುಡುಗನ ಹತ್ತಿರ ದುಡ್ಡಿರಲಿಲ್ಲ. ಅದನ್ನು ಅವನು ಹೇಳಿಕೊಂಡ. ಸಾಹೇಬರು ಸೈಕಲ್ ಬಾಡಿಗೆಗೆ ತಾವೇ ಹಣ ಕೊಟ್ಟರು ಎಂದು ಬಲರಾಮ್ ಮುಂದೆ ನೆನಪಿಸಿಕೊಂಡಿದ್ದಾರೆ. ಆ ಹುಡುಗ ಎರಡು ಒಲಿಂಪಿಕ್ಸ್ ಆಡಿದ, ಏಷ್ಯನ್ ಗೇಮ್ಸ್ ಚಿನ್ನ ಗೆದ್ದ, ಅರ್ಜುನ ಪ್ರಶಸ್ತಿ ಪಡೆದ.

ಇಲ್ಲಿ ನಾನು ಓದುವುದನ್ನು ನಿಲ್ಲಿಸಿ ಬಹಳ ಹೊತ್ತು ಸುಮ್ಮನೆ ಕೂತೆ. ಯಾಕೆಂದರೆ ಹೈಸ್ಕೂಲಿನಲ್ಲಿ ನನಗೂ ಇಂಥದೇ ಒಂದು ಪ್ರಸಂಗ ಬಂದಿತ್ತು.

ನಮ್ಮದು ಬ್ಯಾಡಗಿ. ಮಾರುಕಟ್ಟೆ ದಿನಗಳಲ್ಲಿ, ಅಂದರೆ ಸೋಮವಾರ ಮತ್ತು ಗುರುವಾರ, ಅಬ್ಬಾ ಮೆಣಸಿನಕಾಯಿ ಯಾರ್ಡಿನ ಹತ್ತಿರ ಚಹದ ಗಾಡಿ ನಿಲ್ಲಿಸುತ್ತಾರೆ. ನಸುಕಿನಲ್ಲೇ ಹಮಾಲರು, ರೈತರು, ಲಾರಿಯವರು ಬರುವುದರಿಂದ ಒಬ್ಬರ ಕೈಯಲ್ಲಿ ಆಗುವುದಿಲ್ಲ. ನಾನು ಗ್ಲಾಸು ತೊಳೆದುಕೊಡಬೇಕು, ಚಿಲ್ಲರೆ ಎಣಿಸಬೇಕು. ಹಾಗಾಗಿ ವಾರದಲ್ಲಿ ಆ ಎರಡು ದಿನ ಬೆಳಗಿನ ವಾಲಿಬಾಲ್ ಅಭ್ಯಾಸಕ್ಕೆ ನಾನು ಹೋಗುತ್ತಿರಲಿಲ್ಲ. ಉಳಿದ ದಿನ ಎಲ್ಲರಿಗಿಂತ ಮೊದಲು ಹೋಗಿ ನೆಟ್ ಕಟ್ಟುತ್ತಿದ್ದೆ. ತಾಲ್ಲೂಕು ಮಟ್ಟದ ಪಂದ್ಯಕ್ಕೆ ಹೆಸರು ಕಳಿಸುವಾಗ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ನಿಯಮ ಎಂದರೆ ನಿಯಮ ಎಂದರು. ಯಾಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ. ಗಾಡಿಯ ವಿಷಯ ಹೇಳಲು ನಾಚಿಕೆಯಾಗಿ ನಾನೂ ಹೇಳಲಿಲ್ಲ. ಆ ವರ್ಷ ಚೆಂಡನ್ನು ಮುಟ್ಟಲೇ ಇಲ್ಲ. ಅಮ್ಮಿಗೆ ಆಟ ಬೇಜಾರಾಯಿತು ಎಂದು ಸುಳ್ಳು ಹೇಳಿದೆ.

ಎರಡು ವರ್ಷ ಆ ಸಿಟ್ಟು ನನ್ನೊಳಗೇ ಇತ್ತು. ಬಲರಾಮ್ ಕಥೆ ಓದಿದ ಮೇಲೆ ತಪ್ಪು ಎರಡೂ ಕಡೆ ಇತ್ತು ಅನಿಸಿತು. ಕೇಳದೆ ಹೆಸರು ತೆಗೆದದ್ದು ಒಂದು ತಪ್ಪು. ಹೇಳದೆ ಮನೆಯಲ್ಲಿ ಕೂತದ್ದು ನನ್ನ ತಪ್ಪು. ಬಲರಾಮ್ ತನ್ನ ಹತ್ತಿರ ದುಡ್ಡಿಲ್ಲ ಎಂದು ಹೇಳಿದ. ರಹೀಂ ಸಾಹೇಬರು ಕೇಳಿಸಿಕೊಂಡರು. ತರಬೇತಿಗೆ ಬರಬೇಕೆಂಬ ನಿಯಮವನ್ನು ಅವರು ಸಡಿಲ ಮಾಡಲಿಲ್ಲ, ಬರುವ ದಾರಿಯನ್ನು ಮಾಡಿಕೊಟ್ಟರು.

ಶಿಸ್ತಿನ ವಿಷಯದಲ್ಲಿ ಅವರು ಕಟ್ಟುನಿಟ್ಟು ಎಂದು ಅವರ ಕೈಕೆಳಗೆ ಆಡಿದವರು ಹೇಳಿದ್ದಾರೆ. ಆ ಕಟ್ಟುನಿಟ್ಟು ಸ್ವಂತ ಮನೆಗೂ ಅನ್ವಯಿಸುತ್ತಿತ್ತು. 1960ರ ರೋಮ್ ಒಲಿಂಪಿಕ್ಸ್‌ಗೆ ಹೋದ ತಂಡದಲ್ಲಿ ಅವರ ಮಗ ಸೈಯದ್ ಶಾಹಿದ್ ಹಕೀಂ ಇದ್ದರು. ಹಂಗೇರಿ, ಫ್ರಾನ್ಸ್, ಪೆರು ಎಂದು ಮೂರು ಪಂದ್ಯಗಳು ನಡೆದವು. ತರಬೇತುದಾರ ತಂದೆ. ಆದರೂ ಮಗನಿಗೆ ಮೈದಾನಕ್ಕೆ ಇಳಿಯುವ ಅವಕಾಶ ಒಂದು ಪಂದ್ಯದಲ್ಲೂ ಸಿಗಲಿಲ್ಲ. ನಮ್ಮ ಬೆಂಗಳೂರಿನ ಕೆಂಪಯ್ಯ ಆ ತಂಡದಲ್ಲಿ ಹಾಫ್‌ಬ್ಯಾಕ್ ಆಗಿದ್ದರು. ಬಲಿಷ್ಠ ಫ್ರಾನ್ಸ್ ಜೊತೆ ಭಾರತ 1-1ರಲ್ಲಿ ಸಮ ಮಾಡಿಕೊಂಡಿತು. ನಾಯಕ ಪಿ.ಕೆ. ಬ್ಯಾನರ್ಜಿ ಆ ಗೋಲು ಹೊಡೆದರು.

ಇನ್ನು 1962. ಜಕಾರ್ತಾ ಏಷ್ಯನ್ ಗೇಮ್ಸ್. ಆ ಹೊತ್ತಿಗೆ ರಹೀಂ ಸಾಹೇಬರ ದೇಹದಲ್ಲಿ ಕ್ಯಾನ್ಸರ್ ಇತ್ತು. ತಂಡದ ನಾಯಕ ಚುನಿ ಗೋಸ್ವಾಮಿ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2-0ರಿಂದ ಸೋಲು. ಮುಂದೆ ಥಾಯ್ಲೆಂಡನ್ನು 4-1ರಿಂದ, ಜಪಾನನ್ನು 2-0ರಿಂದ ಸೋಲಿಸಿದರೂ ರಕ್ಷಣೆಯ ಗೋಡೆಯಾಗಿದ್ದ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ತಲೆಗೆ ಪಟ್ಟಿ ಕಟ್ಟಿಕೊಂಡವನನ್ನು ರಹೀಂ ಮುಂಚೂಣಿಗೆ ಕಳಿಸಿದರು. ಹಿಂದೆ ನಿಂತು ಗೋಲು ತಡೆಯುತ್ತಿದ್ದವನು ಮುಂದೆ ಹೋಗಿ ಸೆಮಿಫೈನಲ್‌ನಲ್ಲಿ ಗೋಲು ಹೊಡೆದ. ದಕ್ಷಿಣ ವಿಯೆಟ್ನಾಂ ಎದುರು ಭಾರತ 3-2ರಿಂದ ಗೆದ್ದು ಫೈನಲ್ ತಲುಪಿತು.

ಫೈನಲ್ ಮತ್ತೆ ಅದೇ ದಕ್ಷಿಣ ಕೊರಿಯಾ ಜೊತೆ, ಸೆಪ್ಟೆಂಬರ್ 4ರಂದು. ಊರಿನ ಜನರು ಭಾರತದ ಮೇಲೆ ಸಿಟ್ಟಾಗಿದ್ದರು. ಇಸ್ರೇಲ್ ಮತ್ತು ತೈವಾನ್ ತಂಡಗಳನ್ನು ಇಂಡೋನೇಷ್ಯಾ ಸೇರಿಸಿಕೊಳ್ಳದಿದ್ದುದನ್ನು ಭಾರತದ ಕ್ರೀಡಾ ಅಧಿಕಾರಿ ಜಿ.ಡಿ. ಸೋಂಧಿ ಪ್ರಶ್ನಿಸಿದ್ದೇ ಅದಕ್ಕೆ ಕಾರಣ. ಆಟಗಾರರ ತಪ್ಪು ಏನೂ ಇರಲಿಲ್ಲ. ಹಿಂದಿನ ರಾತ್ರಿ ಸಾಹೇಬರು ಹುಡುಗರನ್ನು ಕರೆದು, ತಮಗೆ ಒಂದೇ ಒಂದು ಉಡುಗೊರೆ ಬೇಕು, ಅದು ಚಿನ್ನದ ಪದಕ ಎಂದು ಕೇಳಿದರು ಎಂದು ಆಟಗಾರರು ನೆನಪಿಸಿಕೊಂಡಿದ್ದಾರೆ. ಗೋಲ್‌ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಎದ್ದಿದ್ದರು. ಅವರು ಮಲಗಿದ್ದಾಗ ಗೋಲು ಕಾದವರು ಪ್ರದ್ಯುತ್ ಬರ್ಮನ್. ಆದರೂ ಫೈನಲ್‌ಗೆ ತಂಗರಾಜ್ ಬೇಕು ಎಂದು ಮಾಸ್ತರರು ನಿರ್ಧರಿಸಿದರು. ಬರ್ಮನ್ ಹೊರಗೆ ಕೂತರು.

ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಜನ. ಭಾರತದವರ ಕಾಲಿಗೆ ಚೆಂಡು ಬಂದರೆ ಸಾಕು, ಕೂಗಾಟ. ಭಾರತಕ್ಕೆ ಚಪ್ಪಾಳೆ ತಟ್ಟಿದವರು ಯಾರು ಗೊತ್ತೇ? ಅಲ್ಲಿಗೆ ಬಂದಿದ್ದ ಪಾಕಿಸ್ತಾನದ ಹಾಕಿ ಆಟಗಾರರು. ಇದನ್ನೂ ನಮ್ಮ ಆಟಗಾರರೇ ನೆನಪಿಸಿಕೊಂಡಿದ್ದಾರೆ. 17ನೇ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಗೋಲು ಹೊಡೆದರು, 20ನೇ ನಿಮಿಷದಲ್ಲಿ ಪಟ್ಟಿ ಕಟ್ಟಿದ ತಲೆಯ ಜರ್ನೈಲ್. ಕೊರಿಯಾ ಕೊನೆಯ ಹೊತ್ತಿಗೆ ಒಂದು ಗೋಲು ತೀರಿಸಿತು. 2-1ರಿಂದ ಭಾರತಕ್ಕೆ ಚಿನ್ನ. ಆ ತಂಡದಲ್ಲಿ ಬಂಗಾಳಿಗಳಿದ್ದರು, ಪಂಜಾಬಿನ ಸಿಖ್ಖರಿದ್ದರು, ಹೈದರಾಬಾದಿನ ಯೂಸುಫ್ ಖಾನ್ ಇದ್ದರು, ಗೋವಾ ಮೂಲದ ಫ್ರಾಂಕೊ ಇದ್ದರು. ಭಾಷೆ, ಧರ್ಮ ಎಲ್ಲ ಬೇರೆ ಬೇರೆ. ಮಾಸ್ತರರು ಒಬ್ಬರೇ.

ಅದಾಗಿ ಒಂದು ವರ್ಷವೂ ತುಂಬಲಿಲ್ಲ. 1963ರ ಜೂನ್ 11ರಂದು ರಹೀಂ ಸಾಹೇಬರು ತೀರಿಕೊಂಡರು. ವಯಸ್ಸು 53. ದೊಡ್ಡ ತರಬೇತುದಾರರಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದೇ 1985ರಲ್ಲಿ. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತ 1970ರಲ್ಲಿ ಒಂದು ಕಂಚು ಗೆದ್ದಿದೆ. ಚಿನ್ನ ಮಾತ್ರ ಅವರ ನಂತರ ಬಂದಿಲ್ಲ.

ಓದಿ ಮುಗಿಸಿ ನಾವು ಮೂವರೂ ಮತ್ತೆ ಕೂತು ಹಾಳೆ ಬರೆದೆವು. ಬರೆಯುವ ಮೊದಲು ತಂಡದ ಹನ್ನೆರಡು ಹುಡುಗರನ್ನೂ ಒಂದು ಪ್ರಶ್ನೆ ಕೇಳಿದೆವು. ಯಾರು ಎಲ್ಲಿಂದ, ಹೇಗೆ ಬರುತ್ತೀರಿ? ಹಾವೇರಿಯವರು, ರಾಣೆಬೆನ್ನೂರಿನವರು, ಬ್ಯಾಡಗಿಯವರು ಎಲ್ಲರೂ ನಮ್ಮಲ್ಲಿದ್ದಾರೆ. ಒಬ್ಬ ಮೋಟೆಬೆನ್ನೂರು ಕ್ರಾಸಿನವರೆಗೆ ನಡೆದು ಬಂದು ಬಸ್ ಹಿಡಿಯುತ್ತಾನೆ. ಬಸ್ ತುಂಬಿದ್ದರೆ ಅದು ನಿಲ್ಲುವುದೇ ಇಲ್ಲ. ಇನ್ನೊಬ್ಬ ಬೆಳಿಗ್ಗೆ ಹಾಲು ಹಾಕಿ ಬರುತ್ತಾನೆ. ಒಂದೇ ಬೆಂಚಿನಲ್ಲಿ ಕೂರುವ ನಮಗೆ ಇದು ಗೊತ್ತೇ ಇರಲಿಲ್ಲ. ಆಮೇಲೆ ಬರೆದ ನಿಯಮಗಳು ಇವು.

1. ಅಭ್ಯಾಸ ವಾರಕ್ಕೆ ನಾಲ್ಕು ದಿನ, ಸಂಜೆ. ಕೊನೆಯ ಬಸ್ಸಿನ ಹೊತ್ತು ನೋಡಿ ಮುಗಿಸುವುದು.

2. ಬರಲು ಆಗದಿದ್ದರೆ ಹಿಂದಿನ ದಿನವೇ ಕಾರಣ ಹೇಳಬೇಕು. ಹೇಳುವುದು ಆಟಗಾರನ ಕರ್ತವ್ಯ, ಕೇಳುವುದು ನಾಯಕನ ಕರ್ತವ್ಯ. ಮನೆಯ ಕೆಲಸ ಹೇಳಿಕೊಳ್ಳಲು ಯಾರೂ ನಾಚಬಾರದು, ಯಾರೂ ನಗಬಾರದು.

3. ಕಾರಣ ಹೇಳದೆ ಮೂರು ಸಲ ತಪ್ಪಿಸಿದವರು ಮುಂದಿನ ಪಂದ್ಯದಲ್ಲಿ ಹೊರಗೆ ಕೂರಬೇಕು. ಎಷ್ಟೇ ಚೆನ್ನಾಗಿ ಆಡಿದರೂ, ಯಾರ ಮನೆಯವರಾದರೂ ಸರಿ.

4. ಹೊರಗೆ ಕೂತವರೂ ತಂಡದವರೇ. ಅವರೂ ಊರಿಗೆ ಬರಬೇಕು, ನೀರು ಕೊಡಬೇಕು, ಚಪ್ಪಾಳೆ ತಟ್ಟಬೇಕು.

5. ವಾರಕ್ಕೊಮ್ಮೆ ಪ್ರತಿಯೊಬ್ಬರೂ ತಮಗೆ ಬಾರದ ಕೆಲಸವನ್ನೇ ಮಾಡಬೇಕು. ಸ್ಮ್ಯಾಶ್ ಹೊಡೆಯುವವನು ಚೆಂಡು ಎತ್ತಿಕೊಡಬೇಕು, ಎತ್ತಿಕೊಡುವವನು ಸರ್ವಿಸ್ ಮಾಡಬೇಕು.

6. ಅಂಪೈರ್ ಜೊತೆ ನಾಯಕ ಮಾತ್ರ ಮಾತನಾಡಬೇಕು. ಎದುರು ತಂಡಕ್ಕೆ ಸೋತರೂ ಗೆದ್ದರೂ ಕೈ ಕೊಡಬೇಕು.

7. ಬೂಟು ಇಲ್ಲದವರ ಹೆಸರನ್ನು ಸರ್ ಒಬ್ಬರಿಗೇ ತಿಳಿಸಬೇಕು. ಬೂಟಿಲ್ಲ ಎಂಬ ಕಾರಣಕ್ಕೆ ಯಾರೂ ಆಟ ಬಿಡಬಾರದು.

ಹನ್ನೊಂದು ಏಳಾದವು. ಸರ್ ಈ ಸಲ ಹಾಳೆ ವಾಪಸ್ ಕೊಡಲಿಲ್ಲ, ಸಹಿ ಮಾಡಿ ನೋಟಿಸ್ ಬೋರ್ಡಿಗೆ ಹಾಕಿದರು. ಸಂಜೆಗೆ ಅಭ್ಯಾಸ ಬದಲಾದದ್ದರಿಂದ ಸೋಮವಾರ, ಗುರುವಾರ ನಾನು ಬೆಳಿಗ್ಗೆ ಗಾಡಿಯ ಹತ್ತಿರ ಗ್ಲಾಸು ತೊಳೆದು, ಕಾಲೇಜು ಮುಗಿಸಿ, ಆಡಲು ಹೋಗುತ್ತೇನೆ.

ಈ ಹಾಳೆಯನ್ನು ತಂಡಕ್ಕೆ ಹೊಸದಾಗಿ ಸೇರಬೇಕೆನ್ನುವ ಪ್ರಥಮ ಪಿ.ಯು. ತಮ್ಮಂದಿರು ಓದಲಿ. ಅಧ್ಯಾಪಕರಿಗೆ ನನ್ನದೊಂದು ವಿನಂತಿ. ಯಾರಾದರೂ ತಡವಾಗಿ ಬಂದರೆ ದಂಡ ಹಾಕುವ ಮೊದಲು ಒಂದು ಸಲ ಕಾರಣ ಕೇಳಿ. ಗೆಳೆಯರಿಗೂ ಅದೇ ವಿನಂತಿ, ಕೇಳಿದಾಗ ನಿಜ ಹೇಳಿ. ಅಲ್ಲಾಹನು ರಹೀಂ ಮಾಸ್ತರರಿಗೆ ಜನ್ನತ್ ಕರುಣಿಸಲಿ. ನಮ್ಮ ತಂಡಕ್ಕೆ ತಾಲ್ಲೂಕು ಮಟ್ಟದಲ್ಲಿ ಒಂದು ಗೆಲುವೂ ಸಿಗಲಿ, ಆಮೀನ್.